ಮದುವೆಯ ಹೂವು ಆರಿಸುವ ಕ್ರಮ: ಮೊಗ್ಗಿನ ಜಡೆಯಿಂದ ಊಟದ ಮೇಜಿನವರೆಗೆ

ಮದುವೆ ಮುಗಿದ ಮೇಲೆ ಹೂವಿನ ಬಗ್ಗೆ ಕೇಳಿಬರುವ ದೂರುಗಳು ಬಹುತೇಕ ಒಂದೇ ಬಗೆಯವು. ಧಾರೆಯ ಹೊತ್ತಿಗೆ ಹಾರ ಕಂದಿತ್ತು, ಜಡೆಯ ಮೊಗ್ಗು ಹಿಂದಿನ ರಾತ್ರಿಯೇ ಅರಳಿ ಬಾಡಿತ್ತು, ಮುತ್ತೈದೆಯರಿಗೆ ಕೊಡುವ ಹೂವು ಅರ್ಧ ಜನಕ್ಕೂ ಸಾಲಲಿಲ್ಲ, ವೇದಿಕೆಗೆ ಮಾತ್ರ ಲೆಕ್ಕಕ್ಕಿಂತ ಹೆಚ್ಚು ಖರ್ಚಾಯಿತು. ಇವೆಲ್ಲಕ್ಕೂ ಮೂಲವೆಂದರೆ ಕೆಲಸದ ಕ್ರಮ ತಲೆಕೆಳಗಾಗಿರುವುದು. ಮನೆಯವರು ಮೊದಲು ಆರತಕ್ಷತೆಯ ವೇದಿಕೆಯ ಚಿತ್ರವೊಂದನ್ನು ಫೋನಿನಲ್ಲಿ ತೋರಿಸಿ ಅಲಂಕಾರದವರಿಗೆ ಮುಂಗಡ ಕೊಡುತ್ತಾರೆ. ಮೈಮೇಲೆ ಧರಿಸುವ ಹೂವನ್ನು ಕೊನೆಯ ವಾರಕ್ಕೂ, ಪೂಜೆಯ ಹೂವನ್ನು ಕೊನೆಯ ರಾತ್ರಿಗೂ ಬಿಡುತ್ತಾರೆ. ಈ ಮಾರ್ಗದರ್ಶಿಯ ಕ್ರಮ ಅದಕ್ಕೆ ವಿರುದ್ಧವಾದದ್ದು: ಮೊದಲು ಗಂಟೆ, ಆಮೇಲೆ ಋತು, ಆಮೇಲೆ ಮುಡಿಯುವ ಮತ್ತು ಧರಿಸುವ ಹೂವು, ನಂತರ ಮಂಟಪ, ಎಲ್ಲಕ್ಕಿಂತ ಕೊನೆಗೆ ಮೇಜು. ಬೆಂಗಳೂರು, ಮೈಸೂರು ಕಡೆಯಲ್ಲಿ ಸಾಮಾನ್ಯವಾದ, ಹಿಂದಿನ ಸಂಜೆ ಆರತಕ್ಷತೆ ಮತ್ತು ಮರುದಿನ ಬೆಳಿಗ್ಗೆ ಮುಹೂರ್ತವಿರುವ ಮದುವೆಯನ್ನು ಮಾದರಿಯಾಗಿ ಇಟ್ಟುಕೊಂಡಿದ್ದೇನೆ. ಕರಾವಳಿಯ ರೂಢಿ ಬೇರೆಯಾಗುವ ಕಡೆ ಅದನ್ನು ಹೇಳಿದ್ದೇನೆ.

ಹಂತ 1: ಗಂಟೆಯ ಪಟ್ಟಿ ಬರೆಯಿರಿ

ಒಂದು ಹಾಳೆಯಲ್ಲಿ ನಾಲ್ಕು ಕಲಂ ಎಳೆಯಿರಿ: ಯಾವ ಹೂವು, ಯಾರಿಗೆ ಅಥವಾ ಎಲ್ಲಿಗೆ, ಎಷ್ಟು ಗಂಟೆಗೆ ಕೈಗೆ ಬರಬೇಕು, ಅಲ್ಲಿಂದ ಎಷ್ಟು ಹೊತ್ತು ಬಾಳಬೇಕು. ಬಣ್ಣದ ಮಾತನ್ನು ಈ ಹಂತದಲ್ಲಿ ಯಾರೂ ಎತ್ತದಂತೆ ನೋಡಿಕೊಳ್ಳಿ. ಸಂಜೆ ಏಳಕ್ಕೆ ನಿಂತು ರಾತ್ರಿ ಹತ್ತಕ್ಕೆ ಮುಗಿಯುವ ಆರತಕ್ಷತೆಯ ಹಾರ ಮೂರು ಗಂಟೆ ಬಾಳಿದರೆ ಸಾಕು. ಮಂಟಪದ ಹೂವಾದರೋ ಹಿಂದಿನ ರಾತ್ರಿಯೇ ಕಟ್ಟಿ ಮರುದಿನ ಮಧ್ಯಾಹ್ನದವರೆಗೆ ನಿಲ್ಲಬೇಕಾದದ್ದು. ಎರಡಕ್ಕೂ ಒಂದೇ ಹೂವನ್ನು ಹೇಳಿದರೆ ಒಂದು ಕಡೆ ಹಣ ಪೋಲಾಗುತ್ತದೆ, ಇನ್ನೊಂದು ಕಡೆ ಹೂವು ಬಾಡುತ್ತದೆ.

ಇದೇ ಪಟ್ಟಿಯಲ್ಲಿ ಕಲ್ಯಾಣಮಂಟಪದ ವ್ಯವಸ್ಥಾಪಕರಿಂದ ಕೇಳಿ ತಿಳಿದ ಎರಡು ಉತ್ತರಗಳೂ ಇರಬೇಕು. ಹಿಂದಿನ ಪಕ್ಷದವರು ಎಷ್ಟು ಹೊತ್ತಿಗೆ ಖಾಲಿ ಮಾಡುತ್ತಾರೆ, ಮತ್ತು ಅಲಂಕಾರದವರನ್ನು ಎಷ್ಟು ಹೊತ್ತಿಗೆ ಒಳಗೆ ಬಿಡುತ್ತಾರೆ? ಮಧ್ಯಾಹ್ನ ಮೂರಕ್ಕೆ ಬೀಗ ಸಿಗುವ ಸಭಾಂಗಣದಲ್ಲಿ ಸಂಜೆ ಆರೂವರೆಗೆ ಸಾವಿರಾರು ಹೂವುಗಳ ಹಿನ್ನೆಲೆ ಗೋಡೆಯನ್ನು ತಾಜಾ ಹೂವಿನಿಂದ ಕಟ್ಟುವುದು ಆಗದ ಮಾತು. ಆಗುತ್ತದೆಂದು ಒಪ್ಪಿಕೊಂಡವರು ಬೇರೆಡೆ ಮೊದಲೇ ಕಟ್ಟಿದ ಚೌಕಟ್ಟನ್ನು ತರುತ್ತಾರೆ, ಅದರ ಹೂವು ಹಿಂದಿನ ದಿನದ್ದೂ ಆಗಿರಬಹುದು.

ಹಂತ 2: ಋತುವನ್ನೂ ಹಬ್ಬವನ್ನೂ ನೋಡಿ

ವೈಶಾಖ, ಜ್ಯೇಷ್ಠದ ಮದುವೆಗಳಿಗೆ ಮಲ್ಲಿಗೆ ಧಾರಾಳವಾಗಿ ಸಿಗುತ್ತದೆ, ಆದರೆ ಬಿಸಿಲು ಅದನ್ನು ಬೇಗ ಕೊಲ್ಲುತ್ತದೆ. ಕಾರ್ತಿಕ, ಮಾರ್ಗಶಿರದಲ್ಲಿ ಸೇವಂತಿಗೆ ಹೇರಳ, ಚಳಿ ಹೆಚ್ಚಿದಂತೆ ಮಲ್ಲಿಗೆ ವಿರಳವಾಗಿ ಬೆಲೆ ಏರುತ್ತದೆ. ಮಲ್ಲಿಗೆ ದುಬಾರಿಯಾದ ದಿನಗಳಲ್ಲಿ ವ್ಯಾಪಾರಿಗಳು ಕಾಕಡವನ್ನು ಕೊಡುತ್ತಾರೆ. ಅದು ನೋಡಲು ಬೆಳ್ಳಗಿದ್ದು ಮಲ್ಲಿಗೆಗಿಂತ ಚೆನ್ನಾಗಿ ತಡೆಯುತ್ತದೆ, ಪರಿಮಳ ಮಾತ್ರ ಹೆಸರಿಗಷ್ಟೇ. ದೂರದಿಂದ ಕಾಣುವ ಸರಗಳಿಗೆ ಕಾಕಡ, ಮುಡಿಗೆ ಮಾತ್ರ ಮಲ್ಲಿಗೆ ಎಂದು ಹಂಚಿಕೊಳ್ಳುವುದು ಜಾಣತನ.

ಪಂಚಾಂಗವನ್ನು ಮುಹೂರ್ತಕ್ಕಾಗಿ ನೋಡುವಾಗಲೇ ಸುತ್ತಲಿನ ಹಬ್ಬಗಳನ್ನೂ ಗುರುತು ಹಾಕಿಕೊಳ್ಳಿ. ವರಮಹಾಲಕ್ಷ್ಮಿ, ಗೌರಿ-ಗಣೇಶ, ದಸರೆ, ದೀಪಾವಳಿ, ಯುಗಾದಿಯ ಮುನ್ನಾದಿನಗಳಲ್ಲಿ ಮಾರುಕಟ್ಟೆಯ ದರ ಏರುವುದು ಎಲ್ಲರಿಗೂ ಗೊತ್ತು. ಗುಲಾಬಿಗೆ ಫೆಬ್ರವರಿ 14ರ ಹಿಂದಿನ ವಾರವೂ ಅಂಥದ್ದೇ ಎಂಬುದನ್ನು ಮಾಘ ಮಾಸದ ಮದುವೆಯವರು ಮರೆಯುತ್ತಾರೆ. ಆ ವಾರದಲ್ಲಿ ಕೆಂಪು ಗುಲಾಬಿಯ ಹಟ ಬಿಟ್ಟು ಜರ್ಬೆರಾ, ಕಾರ್ನೇಷನ್, ಸುಗಂಧರಾಜದ ಕಡೆ ತಿರುಗುವುದು ಒಳ್ಳೆಯದು.

ಹಂತ 3: ಮುಡಿಯುವ ಹೂವು

ಇಲ್ಲಿ ಆತುರ ಬೇಡ. ವಧುವಿನ ತಲೆಯ ಹೂವು ಕೆಟ್ಟರೆ ಅದನ್ನು ಮಧ್ಯದಲ್ಲಿ ಬದಲಿಸುವುದು ಕಷ್ಟ.

ಗುಂಡು ಮಲ್ಲಿಗೆಯ ಬಲಿತ ಮೊಗ್ಗನ್ನು ನಸುಕಿನಲ್ಲಿ ಕೀಳುತ್ತಾರೆ, ಅದು ಅದೇ ಸಂಜೆ ಅರಳುತ್ತದೆ. ಜಡೆಯ ಲೆಕ್ಕವೆಲ್ಲ ಈ ಒಂದು ಸಂಗತಿಯ ಮೇಲೆ ನಿಂತಿದೆ. ಆರತಕ್ಷತೆಗೆ ಜಡೆ ಬೇಕಿದ್ದರೆ ಅಂದೇ ಬೆಳಿಗ್ಗೆ ಬಂದ ಮೊಗ್ಗನ್ನು ಮಧ್ಯಾಹ್ನದೊಳಗೆ ಹೊಲಿದು ಮುಗಿಸಬೇಕು, ಆಗ ಸಂಜೆ ಮುಡಿಯಲ್ಲೇ ಅರಳುತ್ತದೆ. ಬೆಳಗಿನ ಮುಹೂರ್ತಕ್ಕೆ ಮೊಗ್ಗಿನ ಜಡೆ ಬೇಕಿದ್ದರೆ ಅಂದಿನ ಮೊಗ್ಗು ಬಂದು ಹೊಲಿಯುವಷ್ಟು ಸಮಯವಿರುವುದಿಲ್ಲ, ಆದ್ದರಿಂದ ಹಿಂದಿನ ದಿನದ ಮೊಗ್ಗನ್ನೇ ತಂಪಿನಲ್ಲಿಟ್ಟು ಅರಳದಂತೆ ತಡೆಯಬೇಕಾಗುತ್ತದೆ. ಆರತಕ್ಷತೆಗೆ ಮುಡಿದ ಜಡೆಯನ್ನೇ ಮುಹೂರ್ತಕ್ಕೂ ಬಳಸೋಣ ಎಂಬ ಉಳಿತಾಯದ ಯೋಚನೆ ಎಂದೂ ಫಲಿಸುವುದಿಲ್ಲ. ಎರಡು ಜಡೆಗೆ ಹಣ ಸಾಲದಿದ್ದರೆ ಸಂಜೆಗೆ ಸರಳವಾದ ದಂಡೆ, ಬೆಳಿಗ್ಗೆಗೆ ಜಡೆ ಎಂದು ತೀರ್ಮಾನಿಸಿ.

ಉದ್ದವನ್ನು ವಧು ನಿಂತಾಗ ಅಳೆಯುವುದು ಸಾಮಾನ್ಯ ತಪ್ಪು. ಅವಳು ಹೆಚ್ಚು ಹೊತ್ತು ಕುಳಿತಿರುತ್ತಾಳೆ, ಅದೂ ಮಣೆಯ ಮೇಲೆ. ಆದ್ದರಿಂದ ಕೂರಿಸಿ, ಕತ್ತಿನ ಹಿಂಭಾಗದಿಂದ ಕೆಳಕ್ಕೆ ಅಳೆದು, ನೆಲಕ್ಕೆ ನಾಲ್ಕು ಬೆರಳು ಮೇಲೆ ಕುಚ್ಚು ನಿಲ್ಲುವಂತೆ ಹೇಳಿ. ಇಲ್ಲವಾದರೆ ಜಡೆಯ ತುದಿ ಮಣೆಗೂ ಸೀರೆಗೂ ನಡುವೆ ನಲುಗುತ್ತದೆ. ಚೌರಿ ಸೇರಿಸಿ ಹೆಣೆಯುವುದಾದರೆ ಅದನ್ನು ಹೆಣೆದುಕೊಂಡ ಮೇಲೆ ಅಳತೆ ತೆಗೆಯಬೇಕು. ಜರಿ, ಮಣಿ, ಕನಕಾಂಬರ ಎಲ್ಲ ಸೇರಿದ ಜಡೆಯ ಭಾರ ನೆತ್ತಿಯನ್ನು ಎಳೆಯುತ್ತದೆ, ಹಾಗಾಗಿ ಜಡೆ ಹೊಲಿಯುವವರನ್ನು ತಳಕ್ಕೆ ಏನು ಬಳಸುತ್ತೀರಿ ಎಂದು ಕೇಳಿ, ಹಗುರವಾದುದನ್ನೇ ಒಪ್ಪಿಕೊಳ್ಳಿ.

ಮೊಗ್ಗನ್ನು ಕೈಗೆತ್ತಿಕೊಂಡು ನೋಡುವಾಗ ಮೂರು ಎಚ್ಚರಿಕೆಯ ಗುರುತುಗಳಿವೆ. ತುದಿ ಕೆಂಪಗೆ ಅಥವಾ ಕಂದು ಬಣ್ಣಕ್ಕೆ ತಿರುಗಿದ್ದರೆ ಅದು ಹಳತು. ರಾಶಿಯೊಳಗೆ ಕೈಯಿಟ್ಟಾಗ ಬೆಚ್ಚಗಿದ್ದು ಹುಳಿ ವಾಸನೆ ಬಂದರೆ ಚೀಲದಲ್ಲೇ ಬೆಂದಿದೆ. ಮೊಗ್ಗು ಹಸಿರಾಗಿ ಸಣ್ಣದಾಗಿದ್ದರೆ ಎಳತು, ಅದು ಅರಳದೆಯೇ ಬಾಡುತ್ತದೆ.

ಇನ್ನು ಬಂದವರಿಗೆ ಕೊಡುವ ಹೂವು. ಮೊಳ, ಮಾರು ಎಂಬ ಅಳತೆ ಹೂವಾಡಗಿತ್ತಿಯ ಕೈಯ ಉದ್ದಕ್ಕೆ ತಕ್ಕಂತೆ ಬದಲಾಗುತ್ತದೆ. ಅಂದಾಜಿಗೆ ಮೊಳ ಎಂದರೆ ಒಂದೂವರೆ ಅಡಿ, ಮಾರು ಎಂದರೆ ಆರು ಅಡಿ. ಒಬ್ಬರಿಗೆ ಒಂದು ಗೇಣಿನಷ್ಟು ಕೊಟ್ಟರೆ ಒಂದು ಮಾರು ಎಂಟು ಜನಕ್ಕೆ ಸಾಕು. 200 ಹೆಂಗಸರು ಬರುವ ಮದುವೆಗೆ 25 ಮಾರು, ಅದರ ಮೇಲೆ ಐದು ಮಾರು ಕೈಯಲ್ಲಿರಲಿ. ಉದ್ದಕ್ಕಿಂತ ಮುಖ್ಯವಾದದ್ದು ಕಟ್ಟಿನ ಒತ್ತು. ಒಂದೇ ಬೆಲೆಗೆ ಒಬ್ಬರು ಒತ್ತಾಗಿ ಕಟ್ಟಿದರೆ ಇನ್ನೊಬ್ಬರು ಎರಡು ಹೂವಿನ ನಡುವೆ ಬೆರಳು ತೂರುವಷ್ಟು ಜಾಗ ಬಿಡುತ್ತಾರೆ. ಮುಂಗಡಕ್ಕೆ ಮೊದಲು ಒಂದು ಮೊಳವನ್ನು ಮಾದರಿಗೆಂದು ಕೊಂಡು, ಅದೇ ಒತ್ತಿನಲ್ಲಿ ಬೇಕೆಂದು ತೋರಿಸಿ ಹೇಳಿ.

ಉಡುಪಿ, ದಕ್ಷಿಣ ಕನ್ನಡದವರಿಗೆ ಈ ಲೆಕ್ಕ ಬೇರೆ. ಶಂಕರಪುರ ಮಲ್ಲಿಗೆ ಬಾಳೆಯ ನಾರಿನಲ್ಲಿ ಕಟ್ಟಿ ಚೆಂಡು, ಅಟ್ಟೆಯ ಲೆಕ್ಕದಲ್ಲಿ ಮಾರಾಟವಾಗುತ್ತದೆ. ನಾಲ್ಕು ಚೆಂಡು ಸೇರಿದರೆ ಒಂದು ಅಟ್ಟೆ. ಅಟ್ಟೆಯ ದರ ದಿನದಿನಕ್ಕೂ ಬೇರೆಯಾಗುವುದರಿಂದ ತಿಂಗಳ ಮೊದಲೇ ಬೆಲೆಯನ್ನು ಗಟ್ಟಿ ಮಾಡಲು ಹೋಗಬೇಡಿ, ಎಷ್ಟು ಅಟ್ಟೆ ಎಂಬುದನ್ನು ಮಾತ್ರ ಗಟ್ಟಿ ಮಾಡಿಕೊಳ್ಳಿ.

ಹಂತ 4: ಹಾರಗಳು

ಎಷ್ಟು ಜೊತೆ ಬೇಕೆಂದು ಮೊದಲು ಎಣಿಸಿ. ಆರತಕ್ಷತೆಗೆ ಒಂದು, ಅಂತರಪಟ ಸರಿದ ಮೇಲೆ ಬದಲಾಯಿಸಿಕೊಳ್ಳುವುದಕ್ಕೆ ಒಂದು. ಇವಲ್ಲದೆ ವರಪೂಜೆಯಲ್ಲಿ ವರನಿಗೆ, ಬೀಗರಿಗೆ, ದೇವರ ಪಟಗಳಿಗೆ ಬೇರೆ. ಬೀಗರ ಹಾರವನ್ನು ಮರೆತು ಕೊನೆಯ ಗಳಿಗೆಯಲ್ಲಿ ಯಾರನ್ನೋ ಮಾರುಕಟ್ಟೆಗೆ ಓಡಿಸುವುದು ನಮ್ಮ ಮದುವೆಗಳ ಖಾಯಂ ದೃಶ್ಯ.

ಗುಲಾಬಿ ದಳಗಳ ಹಾರ ಚಿತ್ರದಲ್ಲಿ ಚೆನ್ನಾಗಿ ಕಾಣುತ್ತದೆ, ಆದರೆ ಮೂರು ನಾಲ್ಕು ಗಂಟೆಗಳಲ್ಲಿ ದಳಗಳ ಅಂಚು ಕಪ್ಪಾಗಿ ಉದುರತೊಡಗುತ್ತದೆ. ಅದು ಆರತಕ್ಷತೆಗೆ ಸೂಕ್ತ. ಮುಹೂರ್ತಕ್ಕೆ ಸುಗಂಧರಾಜದ ಮೊಗ್ಗು ಅಥವಾ ಸೇವಂತಿಗೆಯನ್ನು ಮುಖ್ಯವಾಗಿಟ್ಟು, ಗುಲಾಬಿಯನ್ನು ಪದಕದ ಜಾಗಕ್ಕೆ ಸೀಮಿತಗೊಳಿಸಿ. ನಡುನಡುವೆ ಮರುಗ, ಪಚ್ಚೆತೆನೆ ಸೇರಿಸಿದರೆ ಪರಿಮಳವೂ ಉಳಿಯುತ್ತದೆ, ಖರ್ಚೂ ಇಳಿಯುತ್ತದೆ.

ಹಾರ ಸೊಂಟದಿಂದ ಸ್ವಲ್ಪ ಕೆಳಗಿಳಿದರೆ ಸಾಕು. ಮೊಣಕಾಲು ಮುಟ್ಟುವ ಹಾರ ಸಪ್ತಪದಿಯಲ್ಲಿ ಕಾಲಿಗೆ ತೊಡರುತ್ತದೆ, ಲಾಜಾಹೋಮದಲ್ಲಿ ಬಾಗಿದಾಗ ಅಗ್ನಿಯ ಸಮೀಪಕ್ಕೆ ಜೋಲುತ್ತದೆ. ದೊಡ್ಡ ಹಾರವೇ ಬೇಕೆಂದಿದ್ದರೆ ಹೋಮಕ್ಕೆ ಮೊದಲು ಅದನ್ನು ತೆಗೆದಿಡಬಹುದೇ ಎಂದು ಪುರೋಹಿತರನ್ನು ಮುಂಚೆಯೇ ಕೇಳಿಕೊಳ್ಳಿ. ಗೆಳೆಯರು ವರನನ್ನು ಎತ್ತಿ ಹಿಡಿದು ವಧುವನ್ನು ಆಟವಾಡಿಸುವ ಪದ್ಧತಿ ನಿಮ್ಮಲ್ಲಿದ್ದರೆ ಹಾರಕ್ಕೆ ಎರಡೆಳೆಯ ದಾರವೇ ಇರಬೇಕು. ಒಂಟಿ ದಾರದಲ್ಲಿ ಪೋಣಿಸಿದ ಹಾರ ಒಂದು ಕಡೆ ಹರಿದರೆ ಇಡೀ ಹಾರ ನೆಲಕ್ಕೆ ಸುರಿಯುತ್ತದೆ.

ರೇಷ್ಮೆಗೆ ಕಲೆಯಾಗುವುದು ಎಲ್ಲರಿಗೂ ತಡವಾಗಿ ಅರಿವಾಗುವ ವಿಷಯ. ಒದ್ದೆಯಾದ ಚೆಂಡುಹೂವು ಬಿಳಿ ಪಂಚೆಯ ಮೇಲೂ ತಿಳಿಬಣ್ಣದ ಸೀರೆಯ ಮೇಲೂ ಬಣ್ಣ ಬಿಡುತ್ತದೆ. ನೀಲಿ, ಕಡುಹಸಿರಿನಂಥ ಅಸಹಜ ಬಣ್ಣದ ಹೂವು ಕಂಡರೆ ಅದು ಬಣ್ಣದಲ್ಲಿ ಅದ್ದಿದ್ದೆಂದು ತಿಳಿಯಿರಿ. ಒಂದು ದಳವನ್ನು ಒದ್ದೆ ಕರವಸ್ತ್ರದಲ್ಲಿ ಉಜ್ಜಿದರೆ ಗೊತ್ತಾಗುತ್ತದೆ. ಹಾರ ಹಾಕಿಕೊಳ್ಳುವ ಅರ್ಧ ಗಂಟೆ ಮೊದಲೇ ನೀರು ಚಿಮುಕಿಸುವುದನ್ನು ನಿಲ್ಲಿಸಿ, ಒಣ ಬಟ್ಟೆಯ ಮೇಲೆ ಹರಡಿಡಿ.

ಹಂತ 5: ಕೈಯಲ್ಲಿ ಹಿಡಿಯುವ ಬೊಕೆ

ಹಿಂದೂ ಮದುವೆಗಳಲ್ಲಿ ಬೊಕೆ ಆರತಕ್ಷತೆಯ ಚಿತ್ರಗಳಿಗೆ ಮಾತ್ರ ಬೇಕಾಗುತ್ತದೆ, ಅದಕ್ಕಾಗಿ ಹೆಚ್ಚು ತಲೆ ಕೆಡಿಸಿಕೊಳ್ಳಬೇಕಿಲ್ಲ. ಮಂಗಳೂರು ಕಡೆಯ ಚರ್ಚ್ ಮದುವೆಗಳಲ್ಲಿ ಹಾಗಲ್ಲ. ಅಲ್ಲಿ ಪೂಜಾವಿಧಿಯಿಂದ ಸಭಾಂಗಣದ ಕಾರ್ಯಕ್ರಮದವರೆಗೆ ಬೊಕೆ ವಧುವಿನ ಕೈಯಲ್ಲಿರುತ್ತದೆ, ಕರಾವಳಿಯ ಸೆಕೆಯಲ್ಲಿ ಅಷ್ಟು ಹೊತ್ತು ತಡೆಯುವ ಹೂವನ್ನೇ ಆರಿಸಬೇಕು. ಡೆಂಡ್ರೋಬಿಯಂ ಆರ್ಕಿಡ್, ಕಾರ್ನೇಷನ್, ಅರ್ಧ ಬಿರಿದ ಗುಲಾಬಿ ತಡೆಯುತ್ತವೆ. ಹೈಡ್ರೇಂಜಿಯ ನೀರು ತಪ್ಪಿದ ಸ್ವಲ್ಪ ಹೊತ್ತಿಗೇ ಸೊರಗುತ್ತದೆ. ಲಿಲಿ ಬೇಕೆಂದಿದ್ದರೆ ಅರಳಿದ ಪ್ರತಿ ಹೂವಿನೊಳಗಿನ ಪರಾಗಕೋಶಗಳನ್ನು ಕಿತ್ತು ತೆಗೆಯಿರಿ, ಏಕೆಂದರೆ ಆ ಪುಡಿ ಬಿಳಿ ಗೌನಿಗೆ ತಗುಲಿದರೆ ಸುಲಭವಾಗಿ ಹೋಗುವುದಿಲ್ಲ. ತಗುಲಿದರೂ ನೀರು ಹಚ್ಚದೆ ಅಂಟುಪಟ್ಟಿಯಿಂದ ಎತ್ತಿ ತೆಗೆಯಬೇಕು.

ಬೊಕೆಯ ದಂಟುಗಳ ತುದಿ ರಿಬ್ಬನ್ನಿನಿಂದ ಹೊರಗೆ ಎರಡು ಬೆರಳಿನಷ್ಟು ಉಳಿದಿರಲಿ. ಎರಡು ಕಾರ್ಯಕ್ರಮಗಳ ನಡುವೆ ಅದನ್ನು ಲೋಟದ ನೀರಿನಲ್ಲಿ ನಿಲ್ಲಿಸಬಹುದು. ಕೈಗೆ ಕೊಡುವ ಮೊದಲು ದಂಟನ್ನು ಒರೆಸಲು ಒಬ್ಬರನ್ನು ಹೆಸರಿಟ್ಟು ನೇಮಿಸಿ.

ಹಂತ 6: ಮಂಟಪ, ಚಪ್ಪರ, ವೇದಿಕೆ

ಪುರೋಹಿತರ ಪಟ್ಟಿಯ ಬಿಡಿಹೂವು, ತುಳಸಿ, ಬಿಲ್ವಪತ್ರೆ, ಮಾವಿನ ಸೊಪ್ಪುಗಳನ್ನು ಅಲಂಕಾರದವರಿಗೆ ವಹಿಸಬೇಡಿ. ಅವರು ತಂದರೂ ಅದು ಯಾವುದೋ ಕಂಬದ ಬುಡದಲ್ಲಿ ಸೇರಿಹೋಗಿರುತ್ತದೆ. ಪೂಜೆಯ ಹೂವು ಬೇರೆ ಬುಟ್ಟಿಯಲ್ಲಿ, ಮನೆಯವರ ಕೈಯಲ್ಲೇ ಇರಬೇಕು.

ಮಂಟಪದ ಹೂವಿನ ಶತ್ರುಗಳು ಹೋಮದ ಶಾಖ, ಹೊಗೆ ಮತ್ತು ವಿಡಿಯೋದವರ ದೀಪ. ಆದ್ದರಿಂದ ಹೋಮಕುಂಡದ ನೇರ ಮೇಲ್ಭಾಗವನ್ನು ಬರಿದಾಗಿ ಬಿಟ್ಟು, ಅಲಂಕಾರವನ್ನು ಮುಂದಿನ ಎರಡು ಕಂಬಗಳಿಗೂ ಮೇಲಿನ ಅಂಚಿಗೂ ಸರಿಸಿ. ಚೆಂಡುಹೂವು, ಸೇವಂತಿಗೆ, ಮಾವಿನ ಎಲೆ, ತೆಂಗಿನ ಗರಿ, ಬಾಳೆಕಂಬ ರಾತ್ರಿಯಿಂದ ಮಧ್ಯಾಹ್ನದವರೆಗೆ ನಿಲ್ಲುತ್ತವೆ. ಮಲ್ಲಿಗೆಯ ಪರದೆಯನ್ನು ಕೇಳುವವರು ಅದನ್ನು ನಸುಕಿನಲ್ಲಿ ಕಟ್ಟಿಸಬೇಕು, ಆ ಕೂಲಿಯನ್ನೂ ಒಪ್ಪಿಕೊಳ್ಳಬೇಕು. ಬಟ್ಟೆ ಅಥವಾ ಪ್ಲಾಸ್ಟಿಕ್ ಹೂವಿನ ಬಗ್ಗೆ ನನಗೆ ಮಡಿವಂತಿಕೆಯಿಲ್ಲ. ಯಾರ ಕೈಗೂ ಎಟುಕದ ಎತ್ತರದಲ್ಲಿ ಅದನ್ನು ಬಳಸಿ ಉಳಿಸಿದ ಹಣವನ್ನು ಮುಡಿಯ ಹೂವಿಗೆ ಹಾಕುವುದು ಸರಿಯಾದ ಲೆಕ್ಕ. ಆದರೆ ಹೋಮಕುಂಡದ ಸುತ್ತ ಅದೂ ಬೇಡ, ಥರ್ಮೊಕೋಲೂ ಬೇಡ, ಜೋಲುವ ನೈಲಾನ್ ಬಟ್ಟೆಯೂ ಬೇಡ. ಕಿಡಿ ಹಾರಿದರೆ ಇವು ಕ್ಷಣದಲ್ಲಿ ಹೊತ್ತಿಕೊಳ್ಳುತ್ತವೆ.

ಹಂತ 7: ಮೇಜಿನ ಹೂವು

ಬಾಳೆ ಎಲೆಯ ಪಂಕ್ತಿಗೆ ಮೇಜಿನ ಮೇಲೆ ಹೂವು ಬೇಡವೇ ಬೇಡ. ಎಲೆ ಹಾಸಿದ ಮೇಲೆ ಆ ಕಿರಿದಾದ ಮೇಜಿನಲ್ಲಿ ಜಾಗ ಉಳಿಯುವುದಿಲ್ಲ, ಬಡಿಸುವವರ ಕೈಗೆ ಅಡ್ಡವಾಗುತ್ತದೆ, ದಳ ಉದುರಿ ಎಲೆಗೆ ಬೀಳುತ್ತದೆ. ಹೂವು ಬೇಕಾದದ್ದು ಬಾಗಿಲಲ್ಲಿ ಪನ್ನೀರು, ಸಕ್ಕರೆ, ಅರಿಶಿನ ಕುಂಕುಮ ಇಡುವ ಸ್ವಾಗತದ ಮೇಜಿಗೆ, ಬಫೆ ಸಾಲಿನ ತುದಿಗಳಿಗೆ, ಮತ್ತು ಆರತಕ್ಷತೆಯಲ್ಲಿ ದುಂಡು ಮೇಜುಗಳನ್ನು ಹಾಕಿದ್ದರೆ ಅವುಗಳ ನಡುವಿಗೆ.

ದುಂಡು ಮೇಜಿನ ಹೂವು ಒಂದು ಅಡಿಗಿಂತ ಎತ್ತರ ಬೆಳೆಯಬಾರದು, ಎದುರು ಕುಳಿತವರ ಮುಖ ಕಾಣಬೇಕು. ಸುಗಂಧರಾಜ, ಸಂಪಿಗೆ, ಲಿಲಿಗಳ ಗಾಢ ಪರಿಮಳ ಊಟದ ಜೊತೆ ಹೊಂದುವುದಿಲ್ಲವಾದ್ದರಿಂದ ಅಲ್ಲಿ ಜರ್ಬೆರಾ, ಸೇವಂತಿಗೆ, ಆರ್ಕಿಡ್ ಸಾಕು. ಹೂವಿನಂಗಡಿಯವರು ಹಸಿರು ಸ್ಪಂಜನ್ನು ಬಳಸುತ್ತಾರೆ. ಅದನ್ನು ನೀರಿನ ಮೇಲೆ ತೇಲಲು ಬಿಟ್ಟು ತಾನಾಗಿ ಮುಳುಗುವಂತೆ ನೆನೆಸಬೇಕು, ಕೈಯಿಂದ ಅದುಮಿದರೆ ನಡುಭಾಗ ಒಣಗಿಯೇ ಉಳಿದು ಹೂವು ಒಂದೆರಡು ಗಂಟೆಯಲ್ಲಿ ಬಾಗುತ್ತದೆ. ಅದು ಮಣ್ಣಿನಲ್ಲಿ ಕರಗದ ವಸ್ತು ಬೇರೆ. ನನ್ನ ಆಯ್ಕೆ ಹಿತ್ತಾಳೆಯ ಉರುಳಿ. ನೀರು ತುಂಬಿ ದಂಟಿಲ್ಲದ ಹೂವುಗಳನ್ನು ತೇಲಿಬಿಟ್ಟರೆ ಫ್ಯಾನಿನ ಗಾಳಿಯಲ್ಲೂ ಸಂಜೆಯಿಡೀ ತಾಜಾ ಇರುತ್ತದೆ, ದಂಟು ಮುರಿದ ಜರ್ಬೆರಾ ಕೂಡ ಉಪಯೋಗಕ್ಕೆ ಬರುತ್ತದೆ.

ಹಂತ 8: ಮಾತನ್ನು ಕಾಗದಕ್ಕೆ ಇಳಿಸಿ

ಚಿತ್ರ ತೋರಿಸಿ ಇದೇ ರೀತಿ ಬೇಕು ಎಂದರೆ ಅದು ಒಪ್ಪಂದವಾಗುವುದಿಲ್ಲ. ಪ್ರತಿ ಜಾಗಕ್ಕೂ ಹೂವಿನ ಹೆಸರು, ತಾಜಾ ಎಷ್ಟು ಕೃತಕ ಎಷ್ಟು, ಪ್ರಮಾಣ, ತಲುಪುವ ಗಂಟೆ ಇವಿಷ್ಟನ್ನು ಬರೆಸಿ. ಹೇಳಿದ ಹೂವು ಸಿಗದಿದ್ದರೆ ಬದಲಿಗೆ ಏನು ಎಂಬುದನ್ನೂ ಈಗಲೇ ಬರೆಸಬೇಕು, ಇಲ್ಲವಾದರೆ ಮುಹೂರ್ತದ ದಿನ ಆ ತೀರ್ಮಾನವನ್ನು ಅವರೇ ತೆಗೆದುಕೊಳ್ಳುತ್ತಾರೆ. ಹಣವನ್ನು ಮೂರು ಕಂತಿನಲ್ಲಿ ಕೊಟ್ಟು ಕೊನೆಯ ಕಂತನ್ನು ಕೆಲಸ ನೋಡಿದ ಮೇಲೆ ಕೊಡಿ. ಹೂವಿನ ಹೆಸರು ಕೇಳಿದಾಗಲೆಲ್ಲ "ಅದೆಲ್ಲ ನೋಡ್ಕೋತೀವಿ ಸಾರ್" ಎಂಬ ಉತ್ತರ ಬಂದರೆ ಬೇರೆಯವರನ್ನು ಹುಡುಕುವುದು ಕ್ಷೇಮ.

ಬೆಂಗಳೂರಿನಲ್ಲಿ ನೀವೇ ಕೊಳ್ಳುವುದಾದರೆ ಬಿಡಿಹೂವಿಗೆ ಕೆ.ಆರ್. ಮಾರುಕಟ್ಟೆಗೆ ಬೆಳಕು ಹರಿಯುವ ಮೊದಲೇ ಹೋಗಬೇಕು, ಎಂಟು ಗಂಟೆಗೆ ಹೋದವರಿಗೆ ಆರಿಸಿ ಬಿಟ್ಟದ್ದು ಸಿಗುತ್ತದೆ. ದಂಟಿನ ಹೂವನ್ನು ಕಟ್ಟುಗಳ ಲೆಕ್ಕದಲ್ಲಿ ಕೊಡುತ್ತಾರೆ. ಗುಲಾಬಿಯ ಕಟ್ಟಿನಲ್ಲಿ ಸಾಮಾನ್ಯವಾಗಿ 20, ಜರ್ಬೆರಾದಲ್ಲಿ 10 ಇರುತ್ತವೆ. ಕಟ್ಟನ್ನು ಬಿಚ್ಚಿಸಿ ಒಳಗಿನ ಹೂವನ್ನು ನೋಡದೆ ಹಣ ಕೊಡಬೇಡಿ.

ಹಂತ 9: ಹಿಂದಿನ ದಿನ ಕಾಪಾಡುವುದು

ಬೇಕಾದ ಸಾಮಾನು: ಮುಚ್ಚಳವಿರುವ ಎರಡು ಥರ್ಮೊಕೋಲ್ ಪೆಟ್ಟಿಗೆ, ಐಸು, ತೆಳು ಹತ್ತಿಬಟ್ಟೆ, ಬಾಳೆ ಎಲೆ, ತೊಳೆದ ಬಕೆಟ್‌ಗಳು, ಹರಿತವಾದ ಚಾಕು, ನೀರು ಚಿಮುಕಿಸುವ ಬಾಟಲಿ, ಸೂಜಿ ದಾರ, ಹೇರ್‌ಪಿನ್ನು.

ಐಸನ್ನು ಪ್ಲಾಸ್ಟಿಕ್ ಚೀಲದಲ್ಲಿ ಗಂಟು ಹಾಕಿ ಪೆಟ್ಟಿಗೆಯ ತಳಕ್ಕಿಟ್ಟು, ಮೇಲೆ ಬಾಳೆ ಎಲೆ ಹಾಸಿ, ಹಿಂಡಿ ನೀರು ತೆಗೆದ ಒದ್ದೆ ಬಟ್ಟೆಯಲ್ಲಿ ಜಡೆ ಮತ್ತು ಹಾರಗಳನ್ನು ಸುತ್ತಿಡಿ. ಹೂವು ಐಸಿಗೆ ತಾಗಿದರೆ ಆ ಜಾಗ ಕಪ್ಪಾಗುತ್ತದೆ, ನೀರು ನಿಂತರೆ ಕೊಳೆಯುತ್ತದೆ. ಗುಲಾಬಿ, ಕಾರ್ನೇಷನ್‌ಗಳ ದಂಟಿನ ತುದಿಯನ್ನು ಓರೆಯಾಗಿ ಕತ್ತರಿಸಿ, ನೀರಿಗೆ ಮುಳುಗುವ ಎಲೆಗಳನ್ನು ಕಿತ್ತು, ಕೆಲವು ಗಂಟೆ ಆಳ ನೀರಿನಲ್ಲಿ ನಿಲ್ಲಿಸಬೇಕು. ಜರ್ಬೆರಾಕ್ಕೆ ಮಾತ್ರ ನಾಲ್ಕು ಬೆರಳು ನೀರು ಸಾಕು, ಹೆಚ್ಚಾದರೆ ದಂಟು ಕೊಳೆಯುತ್ತದೆ. ಆರ್ಕಿಡ್, ಆಂಥೂರಿಯಂಗಳನ್ನು ಫ್ರಿಜ್ಜಿನಲ್ಲಿ ಇಡಬೇಡಿ, ಅವು ಚಳಿಗೆ ಕಪ್ಪಾಗುವ ಜಾತಿ.

ಕಲ್ಯಾಣಮಂಟಪಗಳಲ್ಲಿ ನಡೆಯುವ ದೊಡ್ಡ ತಪ್ಪು ಉಗ್ರಾಣದ್ದು. ತಂಪಾಗಿದೆಯೆಂದು ಹೂವಿನ ಪೆಟ್ಟಿಗೆಯನ್ನು ಅಲ್ಲಿಯೇ, ತಾಂಬೂಲಕ್ಕೆಂದು ತಂದ ಬಾಳೆಗೊನೆಗಳ ಪಕ್ಕ ಇಡುತ್ತಾರೆ. ಹಣ್ಣಾಗುವ ಬಾಳೆ ಎಥಿಲೀನ್ ಎಂಬ ಅನಿಲವನ್ನು ಬಿಡುತ್ತದೆ. ಆ ಅನಿಲಕ್ಕೆ ಕಾರ್ನೇಷನ್, ಆರ್ಕಿಡ್‌ಗಳು ರಾತ್ರಿ ಕಳೆಯುವುದರೊಳಗೆ ಮುದುಡುತ್ತವೆ, ನೀರು ಸಾಲಲಿಲ್ಲವೆಂದು ಮನೆಯವರು ಅಂದುಕೊಳ್ಳುತ್ತಾರೆ. ಹೂವಿಗೆ ಬೇರೆ ಕೋಣೆಯೇ ಬೇಕು, ವಧುವಿನ ಕೋಣೆಯ ಸ್ನಾನದಮನೆಯಾದರೂ ಆದೀತು.

ಹಂತ 10: ಮುಹೂರ್ತದ ಬೆಳಿಗ್ಗೆ

ಮುಹೂರ್ತಕ್ಕೆ ಎರಡೂವರೆ ಗಂಟೆ ಮೊದಲು ಒಬ್ಬರು ಪೆಟ್ಟಿಗೆಗಳನ್ನು ತೆರೆದು ನೋಡಬೇಕು. ಅದು ವಧೂವರರ ತಂದೆತಾಯಿಯರ ಕೆಲಸವಾಗಬಾರದು, ಅವರು ಆಗ ಶಾಸ್ತ್ರಕ್ಕೆ ಕುಳಿತಿರುತ್ತಾರೆ. ಚಿಕ್ಕಪ್ಪನೋ ಸೋದರತ್ತೆಯೋ ಆಗಬಹುದು, ಕೈಯಲ್ಲಿ ಮೊದಲ ಹಂತದ ಪಟ್ಟಿ ಇರಬೇಕು. ಹಾರವನ್ನು ಎತ್ತಿ ಮೆಲ್ಲಗೆ ಅಲುಗಿಸಿದಾಗ ನಾಲ್ಕಾರು ದಳ ಉದುರಿದರೆ ಚಿಂತೆಯಿಲ್ಲ. ಹಿಡಿ ತುಂಬುವಷ್ಟು ಉದುರಿದರೆ ಬದಲಿ ಹಾರಕ್ಕೆ ಆಗಲೇ ಜನ ಕಳಿಸಿ, ಎರಡು ಗಂಟೆಯಲ್ಲಿ ಅದು ಸಾಧ್ಯ. ಹಾರದ ಹಿಂಭಾಗದಲ್ಲಿ ಬೆರಳು ಆಡಿಸಿ ತಂತಿಯ ತುದಿ, ಗುಂಡುಸೂಜಿ ಉಳಿದಿದ್ದರೆ ತೆಗೆಯಿರಿ. ಜಡೆಯನ್ನು ಸೀರೆ ಉಟ್ಟಾದ ಮೇಲೆ ಕಟ್ಟಬೇಕು, ಮೊದಲು ಕಟ್ಟಿದರೆ ಸೆರಗು ಹೊದಿಸುವಾಗ ಮೊಗ್ಗು ಉದುರುತ್ತವೆ. ಮುತ್ತೈದೆಯರ ಹೂವನ್ನು ಒಮ್ಮೆಗೇ ತಟ್ಟೆಯಲ್ಲಿ ಹರಡದೆ ಮೂರು ಪಾಲು ಮಾಡಿ, ಊಟದ ಹೊತ್ತಿಗೆ ಬರುವವರಿಗೆಂದು ಕೊನೆಯ ಪಾಲನ್ನು ಪೆಟ್ಟಿಗೆಯಲ್ಲೇ ಉಳಿಸಿ.

ಸಭಾಂಗಣ ಬಿಡುವಾಗ ಹೂವನ್ನು ಗೊಬ್ಬರಕ್ಕೆ ಕೊಡುವ ಯೋಚನೆಯಿದ್ದರೆ ತಂತಿ, ರಿಬ್ಬನ್ನು, ಜರಿ, ಸ್ಪಂಜುಗಳನ್ನು ಬಿಡಿಸುವ ಕೂಲಿಯನ್ನು ಅಲಂಕಾರದವರ ಒಪ್ಪಂದದಲ್ಲೇ ಸೇರಿಸಿಕೊಂಡಿರಬೇಕು, ಅಂದು ಸಂಜೆ ಕೇಳಿದರೆ ಯಾರೂ ಒಪ್ಪುವುದಿಲ್ಲ.